ಒಡೆಯದ ಮೊಟ್ಟೆಯ ಕಾಲನಿರ್ಣಯ

ಹಕ್ಕಿಗೆ ಸಂಸ್ಕೃತದಲ್ಲಿ ದ್ವಿಜವೆಂದು ಹೆಸರುಂಟು. ಅಮರಸಿಂಹನು ಈ ಶಬ್ದಕ್ಕೆ ಹಲ್ಲು, ವಿಪ್ರ, ಅಂಡಜ ಎಂಬ ಅರ್ಥಗಳನ್ನು ಹೇಳಿರುವುದು ನಿಘಂಟುಗಳ ಪರಿಚಯವುಳ್ಳವರಿಗೆಲ್ಲ ತಿಳಿದ ವಿಷಯವೇ. ಮೊದಲು ತಾಯಿಯಿಂದ ಮೊಟ್ಟೆಯಾಗಿ, ಬಳಿಕ ಮೊಟ್ಟೆಯಿಂದ ಮರಿಯಾಗಿ ಎರಡು ಸಲ ಹುಟ್ಟುವುದರಿಂದ ಹಕ್ಕಿಗೆ ಆ ಹೆಸರು ಸಂದಿದೆ. ಈ ಎರಡು ಜನ್ಮಗಳ ನಡುವಣ ಅವಧಿಯು ಕೋಳಿಗೆ 21 ದಿನ. ಸಾಮಾನ್ಯ ಬಾತಿಗೂ ಟರ್ಕಿ ಕೋಳಿಗೂ 28 ದಿನ. ಸಾಕುವ ಜಪಾನೀ ಲಾವಕ್ಕಿಗೆ 17 ಅಥವಾ 18 ದಿನ. ಮೊದಲನೆಯ ಜನ್ಮವಾಗಿಯೂ ಎರಡನೆಯದನ್ನು ಕಾಣದೆ ಹೋದ ಮೊಟ್ಟೆಗಳ ವಿಚಾರವೇ ಈ ಲೇಖನದ ವಸ್ತು. ಬೇರೆ ಹಕ್ಕಿಗಳ ಮಾತನ್ನು ಬಿಟ್ಟು ಕೋಳಿಯ ಮೊಟ್ಟೆಯನ್ನೇ ಇಲ್ಲಿ ತೆಗೆದುಕೊಂಡಿದೆ.

ಕಾವು ಮುಗಿದ ದಿನ ಬುಟ್ಟಿಯಲ್ಲಿ ಒಡೆಯದೆ ಉಳಿದ ಮೊಟ್ಟೆಗಳನ್ನು ತಿಪ್ಪೆಗೆ ಎಸೆದುಬಿಡುವುದು ಎಲ್ಲೆಡೆಯ ರೂಢಿ. ಎಸೆಯುವ ಮುನ್ನ ಕಾರಣವೊಂದನ್ನು ಹೇಳಿಕೊಳ್ಳುವುದೂ ಉಂಟು: ಕೋಳಿ ಸರಿಯಾಗಿ ಕಾವು ಕೂರಲಿಲ್ಲ, ಗುಡುಗು ಬಿತ್ತು, ಯಾರದೋ ಕಣ್ಣು ತಾಗಿತು. ಹನ್ನೆರಡು ಮೊಟ್ಟೆಗಳನ್ನು ಮಾರದೆ, ತಿನ್ನದೆ ಉಳಿಸಿ ಕಾವಿಗಿಟ್ಟ ಮನೆಗೆ ಅವುಗಳಲ್ಲಿ ಒಂಬತ್ತು ಕೆಟ್ಟರೆ ಆಗುವ ನಷ್ಟ ಸಣ್ಣದಲ್ಲ. ಕಾರಣವನ್ನು ತಪ್ಪಾಗಿ ಎಣಿಸುವುದರಿಂದ ಆ ನಷ್ಟ ಇಮ್ಮಡಿಯಾಗುವುದು. ನಿರ್ದೋಷಿಯಾದ ಕೋಳಿ ಸಾರಿನ ಪಾತ್ರೆಗೆ ಹೋಗುವುದು, ದೋಷವು ಮನೆಯಲ್ಲಿಯೇ ಉಳಿದು ಮುಂದಿನ ಸಲದ ಮೊಟ್ಟೆಗಳಿಗಾಗಿ ಕಾದಿರುವುದು. ಕೇಡು ಕಣ್ಣಿಗೆ ಬೀಳುವುದು 21ನೆಯ ದಿನ; ಆದರೆ ಅದು ನಡೆದುದು ಬಹುಮಟ್ಟಿಗೆ ಬೇರೊಂದು ದಿನ, ಎಷ್ಟೋ ವೇಳೆ ಕಾವಿಗಿಡುವುದಕ್ಕೂ ಮೊದಲೇ. ಆದುದರಿಂದ ಕಾರಣವನ್ನು ಹುಡುಕುವವನು ಮೊದಲು ಕಾಲವನ್ನು ಗೊತ್ತುಮಾಡಬೇಕು. ಕವಿಚರಿತೆಯಲ್ಲಿ ಕಾಲನಿರ್ಣಯಕ್ಕೆ ಯಾವ ಸ್ಥಾನವಿದೆಯೋ ಇಲ್ಲಿಯೂ ಅದಕ್ಕೆ ಅದೇ ಸ್ಥಾನ. ಉಳಿದ ಮೊಟ್ಟೆಗಳನ್ನು ಒಡೆದು ನೋಡದೆ ಎಸೆಯುವುದೆಂದರೆ ಓಲೆಯ ಕಟ್ಟನ್ನು ಬಿಚ್ಚಿ ನೋಡದೆ ಹೊಳೆಗೆ ಬಿಟ್ಟಂತೆಯೇ ಸರಿ.

ಕಾಲವನ್ನು ಗೊತ್ತುಮಾಡಲು ಮರಿ ಬೆಳೆಯುವ ಕ್ರಮವು ತಿಳಿದಿರಬೇಕಷ್ಟೆ. ಇದನ್ನು ದಿನವರಿ ಕಂಡು ಬರೆದಿಟ್ಟ ಹಳಬರಲ್ಲಿ ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನು ಮುಖ್ಯನು. ಪ್ರಾಣಿಗಳನ್ನು ಕುರಿತ ಅವನ ದೊಡ್ಡ ಗ್ರಂಥದ 6ನೆಯ ಭಾಗದಲ್ಲಿ, ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಮೊಟ್ಟೆಯಲ್ಲಿ ಹೃದಯವು ನೆತ್ತರ ಚುಕ್ಕೆಯಂತೆ ತೋರಿ ಜೀವವುಳ್ಳುದರಂತೆ ಮಿಡಿಯುವುದೆಂದು ಅವನು ಹೇಳಿದ್ದಾನೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿಗೆ ಇಷ್ಟು ಕಂಡುದು ಆಶ್ಚರ್ಯವೇ. ಈಗ ತಿಳಿದಿರುವ ಪ್ರಕಾರ ಹೃದಯದ ಮಿಡಿತವು 2ನೆಯ ದಿನದ ಕೊನೆಯಲ್ಲಿಯೇ ಮೊದಲಾಗುವುದು. 3, 4ನೆಯ ದಿನಗಳಲ್ಲಿ ರೆಕ್ಕೆ ಕಾಲುಗಳ ಮೊಳಕೆಗಳು ಕಾಣುವುವು. 5ನೆಯ ದಿನಕ್ಕೆ ಕಣ್ಣು ಕಪ್ಪು ಬೊಟ್ಟಿನಂತೆ ಎದ್ದು ತೋರುವುದು. 8ನೆಯ ದಿನ ಚರ್ಮದ ಮೇಲೆ ಗರಿ ಮೂಡುವ ಸಾಲುಗಳು ಬರುವುವು. 10ನೆಯ ದಿನದ ಹೊತ್ತಿಗೆ ಕಾಲಬೆರಳುಗಳು ಬೇರೆಬೇರೆಯಾಗಿ, ಕೊಕ್ಕಿನ ತುದಿಯಲ್ಲಿ ಚಿಪ್ಪನ್ನು ಒಡೆಯಲು ಬೇಕಾದ ಗಟ್ಟಿ ಮುಳ್ಳು ಹುಟ್ಟಿರುವುದು. 13ನೆಯ ದಿನಕ್ಕೆ ನವಿರು ಕಾಣಿಸಿಕೊಂಡು 16ರ ವೇಳೆಗೆ ಮೈಯನ್ನೆಲ್ಲ ಮುಚ್ಚುವುದು. ಅನಂತರ ಮರಿಯು ಮೊಟ್ಟೆಯ ದಪ್ಪ ತುದಿಯ ಕಡೆಗೆ ತಲೆಯನ್ನು ತಿರುಗಿಸಿ ಬಲರೆಕ್ಕೆಯ ಅಡಿಯಲ್ಲಿ ಇಟ್ಟುಕೊಳ್ಳುವುದು. 19ನೆಯ ದಿನ ಹಳದಿಯ ಚೀಲವು ಹೊಟ್ಟೆಯೊಳಕ್ಕೆ ಸೇರತೊಡಗುವುದು; 20ರಂದು ಕೊಕ್ಕು ದಪ್ಪ ತುದಿಯಲ್ಲಿರುವ ಗಾಳಿಗೂಡನ್ನು ಹೊಕ್ಕು ಪುಪ್ಪುಸಗಳ ಉಸಿರಾಟ ಮೊದಲಾಗುವುದು; 21ರಂದು ಎರಡನೆಯ ಜನ್ಮ. ಸತ್ತ ಮರಿಯಲ್ಲಿ ಈ ಗುರುತುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ನೋಡಿದರೆ ಪೂರ್ವ, ಅಪರ ಎಂಬ ಎರಡು ಎಲ್ಲೆಗಳು ದೊರೆತು ಸಾವಿನ ದಿನವು ಒಂದೆರಡು ದಿನಗಳ ಅಂತರದೊಳಗೆ ಗೊತ್ತಾಗುವುದು.

ದಿನದ ಎಣಿಕೆಯಲ್ಲಿಯೇ ಒಂದು ತೊಡಕುಂಟು. ಮೊಟ್ಟೆಯಿಟ್ಟ ದಿನವನ್ನು ಒಂದನೆಯ ದಿನವೆಂದು ಹಲವರು ಎಣಿಸುತ್ತಾರೆ. 24 ಗಂಟೆ ತುಂಬಿದ ಬಳಿಕವೇ ಒಂದು ದಿನವಾಯಿತೆಂದು ತಿಳಿಯತಕ್ಕದ್ದು. ಸೋಮವಾರ ಸಂಜೆ ಇಟ್ಟರೆ ಮೂರು ವಾರ ಕಳೆದ ಸೋಮವಾರ ಸಂಜೆಗೆ 21 ದಿನ. ಈ ಲೆಕ್ಕ ತಪ್ಪಿದುದರಿಂದಲೇ ಬದುಕಿದ ಮೊಟ್ಟೆಗಳು ತಿಪ್ಪೆ ಸೇರಿರುವುದುಂಟು.

ಇನ್ನು ಕೇಡುಗಳನ್ನು ನೋಡೋಣ. ಒಡೆದಾಗ ಒಳಗೆ ಮರಿಯ ಸುಳಿವೇ ಇಲ್ಲದೆ ಹಳದಿಯೂ ಬಿಳಿಯ ಭಾಗವೂ ಹಾಗೆಯೇ ಇದ್ದರೆ ಅದನ್ನು ಗೊಡ್ಡು ಮೊಟ್ಟೆಯೆಂದು ಕರೆದು ಕೈ ತೊಳೆದುಕೊಳ್ಳುವುದು ವಾಡಿಕೆ. ಆದರೆ ಈ ಒಂದು ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಹುಂಜನ ಸಂಬಂಧವೇ ಇಲ್ಲದ ಮೊಟ್ಟೆ ಒಂದು. ಸಂಬಂಧವಾಗಿ ಪಿಂಡವು ಬೆಳೆಯಲು ತೊಡಗಿ ಒಂದೆರಡು ದಿನಗಳಲ್ಲಿಯೇ ಅಳಿದುದು ಇನ್ನೊಂದು. ಹಳದಿಯ ಮೇಲಿನ ಬಿಳಿಯ ಚುಕ್ಕೆಯನ್ನು ನೋಡಿ ಇವನ್ನು ಬೇರ್ಪಡಿಸಬಹುದು. ಮೊದಲನೆಯದರಲ್ಲಿ ಚುಕ್ಕೆಯು ಚಿಕ್ಕದಾಗಿ, ದಟ್ಟವಾಗಿ, ಅಂಚು ಒರಟಾಗಿರುವುದು. ಫಲಿತವಾದ ಮೊಟ್ಟೆಯಲ್ಲಿ ಅದು ಹೆಸರುಕಾಳಿನಷ್ಟು ಅಗಲಕ್ಕೆ ದುಂಡಗೆ ಹರಡಿ, ನಡುವೆ ತಿಳಿಯಾಗಿ ಸುತ್ತಲೂ ಬಳೆಯಂತೆ ತೋರುವುದು. ಕಾವು ತಾಗಿ ಅಳಿದುದಾದರೆ ಇನ್ನೂ ಅಗಲವಾಗಿ, ಕೆನೆಯ ತುಣುಕಿನಂತೆ ಹರಡಿರುವುದು. ಅಡಿಗೆಗೆಂದು ತಂದ ಹೊಸ ಮೊಟ್ಟೆಯೊಂದನ್ನು ತಟ್ಟೆಯಲ್ಲಿ ಒಡೆದಿಟ್ಟು ಹೋಲಿಸಿದರೆ ಕಣ್ಣಿಗೆ ಬೇಗ ಅಭ್ಯಾಸವಾಗುವುದು. ಅರಿಸ್ಟಾಟಲನ ನಾಡಿನವರು ಹುಂಜವಿಲ್ಲದೆ ಹುಟ್ಟಿದ ಮೊಟ್ಟೆಗಳಿಗೆ ಗಾಳಿಯ ಮೊಟ್ಟೆಗಳೆಂದು ಹೆಸರಿಟ್ಟಿದ್ದರು. ಸೆಕೆಗಾಲದಲ್ಲಿ ಕಾವಿನಲ್ಲಿ ಕೆಟ್ಟವುಗಳಿಗೆ ಬೇರೆಯ ಹೆಸರಿತ್ತು. ಈ ವಿವೇಚನೆಯಲ್ಲಿ ಅವರು ನಮಗಿಂತ ಮುಂದಾಗಿದ್ದರೆಂದೇ ಹೇಳಬೇಕಾಗಿದೆ.

ಮೊಟ್ಟೆ ನಿಜವಾಗಿಯೂ ಗೊಡ್ಡಾಗಿದ್ದರೆ ಕಾವಿನ ದೋಷವನ್ನು ಹುಡುಕುವುದು ವ್ಯರ್ಥ. ಹುಂಜನು ಮುದಿಯಾಗಿರಬಹುದು, ಕಾಲಿನ ನೋವಿನಿಂದ ನಿಷ್ಪ್ರಯೋಜಕನಾಗಿರಬಹುದು, ಅಥವಾ ಹತ್ತು ಹೇಂಟೆಗಳಿಗೆ ಒಂದರಂತೆ ಇರಬೇಕಾದಲ್ಲಿ ಇಪ್ಪತ್ತೈದಕ್ಕೆ ಒಂದಿರಬಹುದು. ಹುಂಜನನ್ನು ಬದಲಿಸಿದಾಗಲೂ ಎಚ್ಚರ ಬೇಕು. ಹೇಂಟೆಯು ಒಂದು ಸಂಗಮದ ವೀರ್ಯವನ್ನು ತನ್ನ ದೇಹದಲ್ಲಿ ಎರಡು ವಾರಗಳವರೆಗೆ, ಕೆಲವೊಮ್ಮೆ ಮೂರು ವಾರಗಳವರೆಗೂ ಸಜೀವವಾಗಿ ಉಳಿಸಿಕೊಳ್ಳಬಲ್ಲುದು. ಹೊಸ ಹುಂಜನ ತಳಿಯೇ ಬೇಕೆನ್ನುವವರು ಹಳೆಯದನ್ನು ತೆಗೆದು ಮೂರು ವಾರ ಕಾಯದಿದ್ದರೆ ಮರಿಗಳ ತಂದೆ ಯಾರೆಂಬುದೇ ಸಂದಿಗ್ಧವಾಗುವುದು.

ಎರಡನೆಯ ಬಗೆ, ಎಂದರೆ ಮೊದಲ ದಿನಗಳಲ್ಲಿಯೇ ಅಳಿದ ಮೊಟ್ಟೆ, ನಮ್ಮ ನಾಡಿನಲ್ಲಿ ಬಹಳ ವಿಚಾರಾರ್ಹವಾದುದು. ಇಲ್ಲಿ ಒಂದು ಚರಿತ್ರಾಂಶವನ್ನು ಹೇಳುವುದು ಅಪ್ರಸ್ತುತವಾಗಲಾರದು. ಇಟಲಿಯ ಬೊಲೋನ್ಯಾ ನಗರದ ಮಾರ್ಚೆಲ್ಲೊ ಮಾಲ್ಪೀಗಿ ಎಂಬ ಪಂಡಿತನು ಸೂಕ್ಷ್ಮದರ್ಶಕದಿಂದ ಕೋಳಿಯ ಮೊಟ್ಟೆಯನ್ನು ಪರಿಶೀಲಿಸಿ 1672ರಲ್ಲಿ ತನ್ನ ವರದಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳುಹಿಸಿದನು. ಕಾವಿಗಿಡದ ಮೊಟ್ಟೆಯಲ್ಲಿಯೂ ಮರಿಯ ಆಕೃತಿಯ ರೇಖೆಗಳು ಅವನಿಗೆ ಕಂಡವು. ಮರಿಯು ಮೊಟ್ಟೆಯಲ್ಲಿ ಹೊಸದಾಗಿ ಉತ್ಪನ್ನವಾಗುವುದಿಲ್ಲ, ಮೊದಲೇ ಸಿದ್ಧವಾಗಿದ್ದುದು ಬರಿದೆ ದೊಡ್ಡದಾಗುವುದೆಂಬ ಪಕ್ಷಕ್ಕೆ ಇದರಿಂದ ದೊಡ್ಡ ಬಲ ಬಂದಿತು. ನಮ್ಮ ಸಾಂಖ್ಯರ ಸತ್ಕಾರ್ಯವಾದವನ್ನು ಬಲ್ಲವರಿಗೆ ಈ ಚರ್ಚೆ ಅಪರಿಚಿತವೆನಿಸದು. ಆದರೆ ಮಾಲ್ಪೀಗಿಯು ನೋಡಿದುದು ಇಟಲಿಯ ಆಗಸ್ಟ್ ತಿಂಗಳ ಸೆಕೆಯಲ್ಲಿ ಬಿದ್ದಿದ್ದ ಮೊಟ್ಟೆಗಳನ್ನು. ಕೋಳಿ ಕೂರದಿದ್ದರೂ ಋತುವೇ ಅವುಗಳಿಗೆ ಕಾವು ಕೊಟ್ಟಿತ್ತೆಂದು ಮುಂದಿನ ವಿದ್ವಾಂಸರು ಸಮಾಧಾನ ಹೇಳಿದ್ದಾರೆ. ದೊಡ್ಡದೊಂದು ದರ್ಶನಕ್ಕೆ ಆಧಾರವಾದುದು ಬೆಚ್ಚಗಿನ ಮೂಲೆಯಲ್ಲಿ ಉಳಿದ ಮೊಟ್ಟೆ!

ಬೊಲೋನ್ಯಾದ ಆಗಸ್ಟಿನಲ್ಲಿ ನಡೆದುದು ಬಳ್ಳಾರಿ, ರಾಯಚೂರು, ಕಲಬುರಗಿಗಳ ಏಪ್ರಿಲ್ ಮೇ ತಿಂಗಳಲ್ಲಿ ನಡೆಯದೆ ಇರುವುದಿಲ್ಲ. ಮೊಟ್ಟೆಯು ಹೊರಬೀಳುವಾಗಲೇ ಅದರಲ್ಲಿ ಸುಮಾರು ಒಂದು ದಿನದ ಬೆಳವಣಿಗೆ ಆಗಿ, ಹತ್ತಾರು ಸಾವಿರ ಜೀವಕೋಶಗಳ ಪಿಂಡವಿರುತ್ತದೆ. ತಂಪಾದೊಡನೆ ಅದು ನಿದ್ರಿಸುವುದು. ಸುಮಾರು 21 ಸೆಂಟಿಗ್ರೇಡಿಗಿಂತ ಹೆಚ್ಚಾದ ಉಷ್ಣದಲ್ಲಿ ಆ ನಿದ್ರೆ ಪೂರ್ಣವಾಗಿರುವುದಿಲ್ಲ. ಬೆಳವಣಿಗೆಯು ಅರೆಮನಸ್ಸಿನಿಂದ ಎಂಬಂತೆ, ಕ್ರಮವಿಲ್ಲದೆ, ಮುಂದುವರಿದು ಪಿಂಡವು ಸೊರಗುವುದು. ಬಯಲುಸೀಮೆಯ ಬೇಸಗೆಯಲ್ಲಿ ರಾತ್ರಿಯೂ ಈ ಮಿತಿಗೆ ಇಳಿಯುವುದು ಅಪರೂಪ. ಹೀಗಿರಲು ಒಲೆಯ ಪಕ್ಕದ ಗೂಡಿನಲ್ಲಿ ಹದಿನೈದು ದಿನ ಕೂಡಿಟ್ಟ ಮೊಟ್ಟೆಗಳನ್ನು ಒಳ್ಳೆಯ ಕೋಳಿಯ ಕೆಳಗಿಟ್ಟರೆ ಅವು ಒಡೆಯದಿರುವುದಕ್ಕೆ ಕೋಳಿಯನ್ನು ದೂರುವುದೇಕೆ? ಕೂಡಿಡುವ ಅವಧಿ ಒಂದು ವಾರವನ್ನು ಮೀರಬಾರದು. ಬೇಸಗೆಯಲ್ಲಿ ನಾಲ್ಕೈದು ದಿನಗಳೇ ಸಾಕು. ಒದ್ದೆಯ ಮರಳಿನ ಮೇಲೆ ಕೂರಿಸಿದ ಮಣ್ಣಿನ ಕುಡಿಕೆಯಲ್ಲಿ, ಗಾಳಿಯಾಡುವ ತಂಪಾದ ನೆಲಮೂಲೆಯಲ್ಲಿ, ದಪ್ಪ ತುದಿ ಮೇಲಾಗಿರುವಂತೆ ಇಡತಕ್ಕದ್ದು. ದೂರದಿಂದ ಬಸ್ಸಿನಲ್ಲಿ ಕುಲುಕಿ ಬಂದ ಮೊಟ್ಟೆಗಳನ್ನು ಒಂದು ದಿನ ಅಲುಗಿಸದೆ ಇಟ್ಟು ಆಮೇಲೆ ಕಾವಿಗೆ ಹಾಕಬೇಕು.

ಗುಡುಗಿನ ನಂಬಿಕೆಯ ರಹಸ್ಯವೂ ಬಹುಶಃ ಇದೇ. ಕ್ರಿ.ಶ. 1ನೆಯ ಶತಮಾನದ ರೋಮಿನ ಲೇಖಕರಾದ ಕೊಲುಮೆಲ್ಲ, ಪ್ಲಿನಿ ಇಬ್ಬರೂ ಗುಡುಗಿನಿಂದ ಮೊಟ್ಟೆಗಳು ಕೆಡುವುವೆಂಬ ನಂಬಿಕೆಯನ್ನು ಬರೆದು, ಗೂಡಿನ ಹುಲ್ಲಿನಲ್ಲಿ ಕಬ್ಬಿಣದ ಮೊಳೆಯಿಡುವ ಪರಿಹಾರವನ್ನು ತಿಳಿಸಿದ್ದಾರೆ. ನಮ್ಮ ಕೆಲವು ಹಳ್ಳಿಗಳಲ್ಲಿಯೂ ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಲು, ಒಣಮೆಣಸಿನಕಾಯಿ ಇಡುವುದುಂಟು. ಎರಡು ದೂರ ದೇಶಗಳ ಈ ಸಾಮ್ಯವನ್ನು ಜಾನಪದವನ್ನು ಅಭ್ಯಸಿಸುವವರು ಗಮನಿಸಬೇಕು. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗಿನ ತಿಂಗಳುಗಳೇ ಅತ್ಯಂತ ಸೆಕೆಯ ತಿಂಗಳುಗಳೂ ಆಗಿವೆ. ಸೆಕೆಯು ಸದ್ದಿಲ್ಲದೆ ಮಾಡಿದ ಕೆಲಸದ ಅಪವಾದವನ್ನು ಸದ್ದುಮಾಡಿದ ಗುಡುಗು ಹೊತ್ತಿರುವಂತೆ ತೋರುತ್ತದೆ. ಮೊಳೆಯಿಂದ ಹಾನಿಯೇನೂ ಇಲ್ಲ. ಮೊಳೆಯಿಟ್ಟೆವೆಂದು ಕುಡಿಕೆಯನ್ನು ಮರೆತರೆ ಹಾನಿಯುಂಟು.

ಕೆಟ್ಟ ಮೊಟ್ಟೆಯನ್ನು ಕಂಡುಹಿಡಿಯಲು 21 ದಿನ ಕಾಯಬೇಕಾಗಿಲ್ಲ. 4ನೆಯ ದಿನ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಕ್ರಮವನ್ನು ಪ್ಲಿನಿಯೇ ಹೇಳಿದ್ದಾನೆ. ಈಗ ರಟ್ಟಿನ ಪೆಟ್ಟಿಗೆಯಲ್ಲಿ ಮೊಟ್ಟೆಗಿಂತ ಕಿರಿದಾದ ತೂತು ಮಾಡಿ ಒಳಗೆ ಟಾರ್ಚು ಇಟ್ಟರೆ ಸಾಕು. ಕತ್ತಲೆಯ ಕೋಣೆಯಲ್ಲಿ 7ನೆಯ ದಿನ ನೋಡಿದರೆ ಯಾವ ಸಂದೇಹವೂ ಉಳಿಯದು. ಬದುಕಿದ ಮೊಟ್ಟೆಯಲ್ಲಿ ಕಪ್ಪು ಬೊಟ್ಟಿನ ಸುತ್ತ ಜೇಡನ ಕಾಲುಗಳಂತೆ ನಾಳಗಳು ಹರಡಿರುವುವು. ನಾಳಗಳು ಮಾಯವಾಗಿ ಕೆಂಪು ಗೆರೆಯೊಂದು ಉಂಗುರದಂತೆ ಉಳಿದಿದ್ದರೆ ಪಿಂಡವು 2ರಿಂದ 5 ದಿನಗಳ ನಡುವೆ ಸತ್ತಿತೆಂದು ತಿಳಿಯಬೇಕು; ಈ ಗುರುತನ್ನು ನೆತ್ತರ ಬಳೆಯೆಂದು ಕರೆಯೋಣ. ಹೆಚ್ಚು ದಿನ ಕೂಡಿಟ್ಟುದು, ಸೆಕೆ, ಮೊದಲ ವಾರದ ಅತಿಯಾದ ಶಾಖ ಇವೇ ಇದರ ಮುಖ್ಯ ಕಾರಣಗಳು. ಏನೂ ಕಾಣದೆ ತಿಳಿಯಾಗಿರುವ ಮೊಟ್ಟೆಗಳನ್ನೂ ಬಳೆ ಬಿದ್ದವುಗಳನ್ನೂ ಅಂದೇ ತೆಗೆದು ಒಡೆದು ನೋಡುವುದು ಉತ್ತಮ. ಇನ್ನೂ ಎರಡು ವಾರ ಬಿಟ್ಟರೆ ಅವು ಕೊಳೆತು ಗುರುತುಗಳು ಅಳಿಸಿಹೋಗುವುವು.

ಶಾಖದ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಬೀಸಣಿಗೆಯುಳ್ಳ ಕಾವುಪೆಟ್ಟಿಗೆಯಲ್ಲಿ 37.5ರಿಂದ 37.8 ಸೆಂಟಿಗ್ರೇಡ್ ಇರಬೇಕು. ಬೀಸಣಿಗೆಯಿಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38.3ರಿಂದ 38.9ರವರೆಗೆ ಇರಬಹುದು. ಉಷ್ಣಮಾಪಕವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಕಟ್ಟಿ, ಮೊಟ್ಟೆಗಳಿಗೆ ಸಿಗದ ಶಾಖವನ್ನು ಓದಿ ತೃಪ್ತರಾಗುವವರು ಅನೇಕರು. ಮಾಪಕವೇ ಸುಳ್ಳು ಹೇಳುವುದೂ ಉಂಟು; ಜ್ವರ ನೋಡುವ ಮಾಪಕದೊಡನೆ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹೋಲಿಸಿಕೊಳ್ಳದೆ ಅದನ್ನು ನಂಬಬಾರದು. ಈಜಿಪ್ಟಿನಲ್ಲಿ ತಲೆಮಾರುಗಳಿಂದ ಮಣ್ಣಿನ ಗೂಡುಗಳಲ್ಲಿ ಸಾವಿರಾರು ಮರಿಗಳನ್ನು ಮಾಡಿದ ಕೆಲಸಗಾರರು ಮೊಟ್ಟೆಯನ್ನು ಕಣ್ಣೆವೆಗೆ ತಾಗಿಸಿ ಶಾಖವನ್ನು ಅರಿಯುತ್ತಿದ್ದರು. ಆ ವಿದ್ಯೆಯನ್ನು ಫ್ರಾನ್ಸಿಗೆ ತರಬಯಸಿದ ರೇಓಮ್ಯೂರನು 1749ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಣ್ಣೆವೆಯ ಸ್ಥಾನದಲ್ಲಿ ಉಷ್ಣಮಾಪಕವನ್ನು ಇಟ್ಟನು. ಅವನು ಗೊಬ್ಬರದ ಶಾಖದಿಂದ ಮರಿ ಮಾಡಲು ಹೊರಟಾಗ ಮೊದಲಿಗೆ ಮೊಟ್ಟೆಗಳನ್ನು ಕೊಂದುದು ಶಾಖದ ಕೊರತೆಯಲ್ಲ, ಗೊಬ್ಬರದಿಂದ ಏಳುವ ಆವಿ. ಕೆಟ್ಟ ಗಾಳಿಯೂ ಕೊಲ್ಲುವುದೆಂಬುದಕ್ಕೆ ಇದೊಂದು ಹಳೆಯ ಸಾಕ್ಷಿ. ಶಾಖವು ಕೆಲವು ಗಂಟೆ ಕಡಿಮೆಯಾದರೆ ಅಷ್ಟು ಭಯವಿಲ್ಲ. ಕೋಳಿಯೂ ದಿನಕ್ಕೊಮ್ಮೆ ಮೇವಿಗೆ ಎದ್ದುಹೋಗುವುದು. ವಿದ್ಯುತ್ತು ನಿಂತಿತೆಂದು ಗಾಬರಿಯಾಗಿ ಕೆಂಡದ ಬಟ್ಟಲನ್ನು ಒಳಗಿಡುವುದೇ ಅಪಾಯ. ಹೆಚ್ಚಿನ ಶಾಖವು ಅರ್ಧ ದಿನದಲ್ಲಿ ಮಾಡುವ ಹಾನಿಯನ್ನು ತಂಪು ಮಾಡಲಾರದು.

ನಡುವಣ ವಾರದಲ್ಲಿ, ಎಂದರೆ 7ರಿಂದ 17ರವರೆಗೆ, ಸಾಯುವ ಮರಿಗಳು ಸ್ವಾಭಾವಿಕವಾಗಿ ಬಹಳ ಕಡಿಮೆ. ಮೊದಲ ವಾರದಲ್ಲೊಂದು, ಕೊನೆಯ ಮೂರು ದಿನಗಳಲ್ಲೊಂದು ಹೀಗೆ ಸಾವಿನ ಎರಡು ಶಿಖರಗಳಿದ್ದು ನಡುವೆ ತಗ್ಗಿರುವುದು ನಿಯಮ. ತಗ್ಗಿನಲ್ಲಿ ಹೆಣಗಳು ಹೆಚ್ಚಾಗಿ ಕಂಡರೆ ತಾಯಿಯ ಆಹಾರವನ್ನು ಶಂಕಿಸಬೇಕು. ಮೊಟ್ಟೆಯೊಳಗೆ ಕಟ್ಟಿಕೊಟ್ಟ ಬುತ್ತಿಯಲ್ಲದೆ ಮರಿಗೆ ಬೇರೆ ಆಹಾರವಿಲ್ಲವಷ್ಟೆ. ರೈಬೊಫ್ಲಾವಿನ್ ಎಂಬ ಜೀವಸತ್ತ್ವ ಸಾಲದಿದ್ದರೆ ಮರಿಯ ನವಿರು ಬಿಚ್ಚಿಕೊಳ್ಳದೆ ಗಂಟುಗಂಟಾಗಿ ನಿಲ್ಲುವುದು. ಇದನ್ನು ಒಮ್ಮೆ ಕಂಡವರು ಮರೆಯಲಾರರು. ಸೊಪ್ಪನ್ನೂ ಹುಳುಗಳನ್ನೂ ಕೆದಕಿ ತಿನ್ನುವ ನಾಟಿ ಕೋಳಿಗೆ ಈ ಕೊರತೆ ವಿರಳ. ಕೂಡಿಹಾಕಿ ಬರಿಯ ಕಾಳು ನುಚ್ಚು ಹಾಕಿದ ಕೋಳಿಗೆ ಬರುವ ಸಂಭವ ಹೆಚ್ಚು.

ಇದೇ ಅವಧಿಗೆ ಸೇರಿದ ಇನ್ನೊಂದು ಗುರುತಿದೆ. ಮರಿಯು ದೊಡ್ಡದಾಗಿಯೇ ಸತ್ತಿದ್ದು, ಮೊಟ್ಟೆಯ ಚೂಪು ತುದಿಯಲ್ಲಿ ಅಂಟಂಟಾದ ಬಿಳಿಯ ಭಾಗ ಇನ್ನೂ ಉಳಿದಿದ್ದರೆ ಮೊಟ್ಟೆಯನ್ನು ಸರಿಯಾಗಿ ಹೊರಳಿಸಲಿಲ್ಲವೆಂದು ತಿಳಿಯತಕ್ಕದ್ದು. ಮರಿಗೆ ಉಸಿರನ್ನು ಒದಗಿಸುವ ನಾಳಗಳ ಪೊರೆಯು 11, 12ನೆಯ ದಿನದ ವೇಳೆಗೆ ಚಿಪ್ಪಿನ ಒಳಮೈಯನ್ನೆಲ್ಲ ಆವರಿಸಿ ಚೂಪು ತುದಿಯಲ್ಲಿ ಕೂಡಿಕೊಳ್ಳಬೇಕು. ಹೊರಳಿಸದ ಮೊಟ್ಟೆಯಲ್ಲಿ ಅದು ಕೂಡದೆ, ಬಿಳಿಯ ಭಾಗವು ಮರಿಗೆ ದಕ್ಕದೆ ಉಳಿಯುವುದು. ದೋಷ ನಡೆದುದು ಮೊದಲ ಎರಡು ವಾರಗಳಲ್ಲಿ, ಸಾವು ಬಂದುದು ಬಹಳ ತಡವಾಗಿ. ಆದುದರಿಂದ ಸಾವಿನ ದಿನದ ಜೊತೆಗೆ ಇಂಥ ಉಳಿಕೆಗಳನ್ನೂ ಓದಬೇಕು. ಕೊಲುಮೆಲ್ಲನೂ ಮೊಟ್ಟೆಗಳನ್ನು ಕೈಯಿಂದ ಹೊರಳಿಸಬೇಕೆಂದು ಹೇಳಿರುವನು. ಕೈಯಿಂದ ಹೊರಳಿಸುವುದಾದರೆ ದಿನಕ್ಕೆ ಮೂರು ಅಥವಾ ಐದು ಸಲ, ಎಂದರೆ ಬೆಸಸಂಖ್ಯೆಯಲ್ಲಿ ಮಾಡುವುದು ಯುಕ್ತ. ಇದರಲ್ಲಿ ಮಂತ್ರವೇನೂ ಇಲ್ಲ. ರಾತ್ರಿಯ ದೀರ್ಘ ಕಾಲ ಒಂದೇ ಮಗ್ಗುಲು ಮೇಲಾಗಿರುವುದು ಇದರಿಂದ ತಪ್ಪುವುದು. ಸೀಸದ ಕಡ್ಡಿಯಿಂದ ಒಂದು ಮಗ್ಗುಲಿಗೆ ಗೆರೆ, ಇನ್ನೊಂದಕ್ಕೆ ಸೊನ್ನೆ ಹಾಕಿದರೆ ಗೊಂದಲವಿಲ್ಲ. 18ನೆಯ ದಿನ ಹೊರಳಿಸುವುದನ್ನು ನಿಲ್ಲಿಸಬೇಕು.

ಕೊಳೆತು ನಾರುವ, ಕೆಲವೊಮ್ಮೆ ಸಿಡಿಯುವ ಮೊಟ್ಟೆಗಳಲ್ಲಿ ಕಾಲನಿರ್ಣಯಕ್ಕೆ ಆಸ್ಪದವೇ ಇಲ್ಲ. ಮಲಿನವಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯುವುದು ಇದಕ್ಕೆ ಸಾಮಾನ್ಯ ಕಾರಣ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳುಂಟು. ತಂಪಿಗೆ ಒಳಗಿನ ವಸ್ತು ಕುಗ್ಗಿ ಹೊರಗಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಗೂಡನ್ನು ಶುದ್ಧವಾಗಿಟ್ಟು, ಮಲಿನವಾದುದನ್ನು ಕಾವಿಗೆ ಹಾಕದಿರುವುದೇ ಲೇಸು.

ಕೊನೆಯ ಮೂರು ದಿನಗಳ ಸಾವು ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ನೋಯಿಸುವುದು. ಪೂರ್ಣವಾಗಿ ಬೆಳೆದ ಮರಿ, ಕೆಲವು ವೇಳೆ ಚಿಪ್ಪನ್ನು ಕುಕ್ಕಿ ತೂತು ಮಾಡಿ, ಅಲ್ಲಿಯೇ ಸತ್ತಿರುತ್ತದೆ. ಚಿಪ್ಪು ಗಟ್ಟಿಯಾಯಿತೆಂದು ಜನರು ಹೇಳುವರು. ನಿಜವಾಗಿ ನೋಡಬೇಕಾದುದು ನೀರಿನ ಲೆಕ್ಕವನ್ನು. ಮೊಟ್ಟೆಯು ಕಾವಿನಲ್ಲಿ ರಂಧ್ರಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತ ಹೋಗುವುದು. ಕಳೆದಷ್ಟು ಗಾಳಿಗೂಡು ದೊಡ್ಡದಾಗುವುದು. 18 ದಿನಗಳಲ್ಲಿ ಮೊದಲಿನ ತೂಕದ ಶೇಕಡ 11ರಿಂದ 13ರಷ್ಟು ಕಳೆಯಬೇಕು. ಕಡಿಮೆ ಕಳೆದರೆ ಮರಿಯು ಉಬ್ಬಿ, ಗಾಳಿಗೂಡು ಕಿರಿದಾಗಿ, ಕೊಕ್ಕು ಚುಚ್ಚಿದಾಗ ಗಾಳಿಯ ಬದಲು ನೀರು ಮೂಗಿಗೆ ಸೇರಿ ಮುಳುಗಿ ಸಾಯುವುದು. ಒಡೆದಾಗ ಒದ್ದೆಯಾದ ದೊಡ್ಡ ಮೈ, ಜಾರುವ ಲೋಳೆ ಇದ್ದರೆ ಇದೇ ಕಾರಣ. ಹೆಚ್ಚು ಕಳೆದರೆ ಮರಿಯು ಚಿಕ್ಕದಾಗಿ, ಪೊರೆಯು ತೊಗಲಿನಂತೆ ಒಣಗಿ ಮೈಗೆ ಅಂಟಿ, ತಿರುಗಲಾರದೆ ಸಾಯುವುದು. ಎರಡರಲ್ಲಿಯೂ ಹೊರಗೆ ಕಾಣುವುದು ಒಂದೇ: ಕುಕ್ಕಿ ನಿಂತ ಮೊಟ್ಟೆ. ಪರಿಹಾರಗಳು ಮಾತ್ರ ಪರಸ್ಪರ ವಿರುದ್ಧ.

ಈ ಭೇದವನ್ನು ಅರಿಯದೆ ಒಂದು ಊರಿನ ಉಪದೇಶವನ್ನು ಇನ್ನೊಂದು ಊರಿಗೆ ಕೊಂಡೊಯ್ಯುವುದು ಅನರ್ಥಕಾರಿ. ಮಾರ್ಚಿಯಲ್ಲಿ ವಿಜಯಪುರದ ಒಣಗಾಳಿಯಲ್ಲಿ ಪೆಟ್ಟಿಗೆಯೊಳಗೆ ನೀರಿನ ತಟ್ಟೆಯಿಡುವುದು ಪ್ರಾಣದಾನ. ಜುಲೈಯಲ್ಲಿ ಉಡುಪಿ ಮಂಗಳೂರುಗಳ ಮಳೆಯಲ್ಲಿ ಮೊದಲ 18 ದಿನ ಅದೇ ತಟ್ಟೆಯಿಡುವುದು ಮರಿಗಳನ್ನು ಮುಳುಗಿಸುವ ಉಪಾಯ. ಗಾಳಿಯ ಆರ್ದ್ರತೆ ಮೊದಲ 18 ದಿನ ಶೇಕಡ 50ರಿಂದ 60, ಬಳಿಕ ಶೇಕಡ 65ರಿಂದ 75 ಇರಬೇಕೆಂದು ಗ್ರಂಥಗಳು ಹೇಳುತ್ತವೆ. ಅದನ್ನು ಅಳೆಯುವ ಉಪಕರಣವಿಲ್ಲದವರಿಗೆ ತಕ್ಕಡಿಯೇ ಗುರು. ಹನ್ನೆರಡು ಮೊಟ್ಟೆಗಳನ್ನು ಒಟ್ಟಿಗೆ ತೂಗಿ 600 ಗ್ರಾಂ ಬಂದಿತೆನ್ನೋಣ. ಶೇಕಡ 12ರಂತೆ 18 ದಿನಗಳಿಗೆ 72 ಗ್ರಾಂ, ದಿನಕ್ಕೆ 4 ಗ್ರಾಂ ಕಳೆಯಬೇಕು. 6ನೆಯ ದಿನ 576, 12ನೆಯ ದಿನ 552, 18ನೆಯ ದಿನ 528 ಇದ್ದರೆ ಸರಿ. 6ನೆಯ ದಿನವೇ 588 ಇದ್ದರೆ ನೀರನ್ನು ತೆಗೆದು ಗಾಳಿಯ ಕಂಡಿಗಳನ್ನು ತೆರೆಯಬೇಕು. 560 ಇದ್ದರೆ ನೀರಿನ ಹರಹನ್ನು ಹೆಚ್ಚಿಸಬೇಕು. ತಿದ್ದಿಕೊಳ್ಳಲು ಇನ್ನೂ ಹನ್ನೆರಡು ದಿನಗಳಿರುವುದರಿಂದ ಈ ತೂಕಕ್ಕೆ ಸಮಾನವಾದ ಪರೀಕ್ಷೆ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ನಡುವೆ ಕೆಟ್ಟ ಮೊಟ್ಟೆಗಳನ್ನು ತೆಗೆದರೆ ಉಳಿದವುಗಳ ಮೊದಲಿನ ತೂಕದಿಂದ ಲೆಕ್ಕ ಹಾಕಬೇಕು; ಇದಕ್ಕಾಗಿ ಮೊದಲ ದಿನ ಪ್ರತಿಯೊಂದರ ತೂಕವನ್ನು ಅದರ ಚಿಪ್ಪಿನ ಮೇಲೆಯೇ ಬರೆದಿಡುವುದು ಅನುಕೂಲ.

ತಲೆಯು ಚೂಪು ತುದಿಯಲ್ಲಿ ಸಿಕ್ಕಿಕೊಂಡಿದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟುದೇ ಬಹುಮಟ್ಟಿಗೆ ಕಾರಣ. ಕೊನೆಯ ವಾರದಲ್ಲಿ ಮರಿಗಳೇ ಶಾಖವನ್ನು ಹೊರಬಿಡುವುದರಿಂದ ಪೆಟ್ಟಿಗೆಯ ದೀಪವನ್ನು ತಗ್ಗಿಸಬೇಕಾಗುವುದು. ಉಸಿರಿನ ಅಗತ್ಯವೂ ಆಗಲೇ ಹೆಚ್ಚು. ಶಾಖ ಸೋರುವುದೆಂದು ಕಂಡಿಗಳಿಗೆ ಬಟ್ಟೆ ತುರುಕುವುದು ಮರಿಗಳ ಕುತ್ತಿಗೆ ಹಿಸುಕಿದಂತೆ.

ಚಿಪ್ಪನ್ನು ಕುಕ್ಕಿದ ಮರಿ ಅರ್ಧ ದಿನ, ಕೆಲವೊಮ್ಮೆ ಇಡಿಯ ದಿನ ಸುಮ್ಮನಿರುವುದನ್ನು ಕಂಡು ಸಹಾಯ ಮಾಡಲು ಕೈ ಚಾಚುವವರು ಆದಿಪರ್ವದ ವಿನತೆಯ ಕಥೆಯನ್ನು ನೆನೆಯಬೇಕು. ಕದ್ರು ವಿನತೆಯರ ಮೊಟ್ಟೆಗಳನ್ನು ಪರಿಚಾರಕರು ಬೆಚ್ಚನೆಯ ಆವಿಯುಳ್ಳ ಭಾಂಡಗಳಲ್ಲಿ ಐನೂರು ವರ್ಷ ಇಟ್ಟಿದ್ದರೆಂದು ಸಂಸ್ಕೃತ ಭಾರತವು ಹೇಳುತ್ತದೆ. ಶಾಖ, ತೇವ ಎರಡೂ ಬೇಕೆಂಬುದು ಆ ಕವಿಗೆ ತಿಳಿದಿತ್ತು. ಸವತಿಯ ಮಕ್ಕಳು ಹೊರಬಂದುದನ್ನು ಕಂಡು ತಾಳದೆ ವಿನತೆಯು ತನ್ನ ಮೊಟ್ಟೆಯೊಂದನ್ನು ಒಡೆದಳು. ಮೇಲಿನ ಅರ್ಧ ಪೂರ್ಣವಾಗಿ, ಕೆಳಗಿನ ಅರ್ಧ ಅಪಕ್ವವಾಗಿದ್ದ ಅರುಣನು ತಾಯಿಯನ್ನು ಶಪಿಸಿ ಹೊರಟುಹೋದನು. ತೊಡೆಗಳಿಲ್ಲದವನಾದುದರಿಂದ ಅವನಿಗೆ ಅನೂರುವೆಂದು ಹೆಸರಾಯಿತು. ಹಕ್ಕಿಯ ಪಿಂಡದಲ್ಲಿ ತಲೆಯ ಭಾಗವು ಮುಂಚೆ, ಹಿಂಭಾಗವು ಹಿಂದೆ ರೂಪುಗೊಳ್ಳುವುದೆಂಬುದು ಇಂದಿನ ಶಾಸ್ತ್ರಕ್ಕೂ ಒಪ್ಪಿತವಾದುದು. ಎಂದೋ ಯಾರೋ ಹಕ್ಕಿಯ ಮೊಟ್ಟೆಯನ್ನು ಅಕಾಲದಲ್ಲಿ ಒಡೆದು ಕಂಡುದು ಈ ಕಥೆಯ ಬೆನ್ನಿಗಿರಬಹುದೆಂದು ಊಹಿಸಲು ಅವಕಾಶವಿದೆ. ಕುಕ್ಕಿ ಸುಮ್ಮನಿರುವ ಮರಿಯಲ್ಲಿ ಪೊರೆಯ ನಾಳಗಳಲ್ಲಿ ನೆತ್ತರು ಇನ್ನೂ ಹರಿಯುತ್ತಿದ್ದು, ಹಳದಿಯು ಹೊಟ್ಟೆಗೆ ಸೇರುತ್ತಿರುವುದು. ಆಗ ಚಿಪ್ಪನ್ನು ಸುಲಿದರೆ ನೆತ್ತರು ಸುರಿದು ಮರಿ ಸಾಯುವುದು, ಇಲ್ಲವೆ ಹೊಕ್ಕುಳು ಮುಚ್ಚದೆ ನರಳುವುದು.

ಕೋಳಿಯೇ ಕಾವು ಕೂತಾಗ ಬೇರೆ ಕೆಲವು ತೊಡಕುಗಳುಂಟು. ಹೇನು ಉಣ್ಣೆಗಳ ಕಾಟದಿಂದ ಅದು ಗೂಡು ಬಿಡಬಹುದು. ಮೈಯಡಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಮೊಟ್ಟೆಗಳಿದ್ದರೆ ಅಂಚಿನವು ಸರದಿಯಂತೆ ತಣ್ಣಗಾಗಿ ಎಲ್ಲವೂ ಕೆಡಬಹುದು. ನಾಟಿ ಕೋಳಿಗೆ ಹನ್ನೆರಡರ ಸುತ್ತುಮುತ್ತಿನ ಸಂಖ್ಯೆ ಸಾಕು. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ ಬೇರೆ ಕೋಳಿಗಳು ಆ ಗೂಡಿಗೆ ಬಂದು ಮೊಟ್ಟೆಯಿಡುವುದು. ಗ್ರಂಥಸಂಪಾದಕರಿಗೆ ಪ್ರಕ್ಷಿಪ್ತ ಪದ್ಯಗಳಿಂದ ಆಗುವ ಕಷ್ಟವೇ ಇಲ್ಲಿಯೂ ಆಗುವುದು. ಮೊದಲ ಮರಿಗಳು ಹೊರಟೊಡನೆ ತಾಯಿ ಅವುಗಳ ಹಿಂದೆ ಹೋಗುವುದು. ಹಿಂದಿನಿಂದ ಸೇರಿದ ಮೊಟ್ಟೆಗಳು 12 ದಿನದ, 15 ದಿನದ ಮರಿಗಳನ್ನು ಹೊತ್ತು ತಣ್ಣಗಾಗುವುವು. ಒಡೆದು ನೋಡಿದವನಿಗೆ ನಡುವಣ ವಾರದ ಸಾವುಗಳಂತೆ ತೋರಿ ಅವನು ಆಹಾರವನ್ನು ಶಂಕಿಸತೊಡಗುವನು! ಮೂಲದ ಮೊಟ್ಟೆಗಳಿಗೆ ಇದ್ದಲಿನಿಂದ ಗುರುತು ಹಾಕಿ, ಗುರುತಿಲ್ಲದವನ್ನು ದಿನವೂ ತೆಗೆದರೆ ಈ ಭ್ರಾಂತಿಗೆ ಎಡೆಯಿಲ್ಲ.

ಹನ್ನೆರಡರಲ್ಲಿ ಒಂದೆರಡು ಮೊಟ್ಟೆ ಒಡೆಯದಿರುವುದಕ್ಕೆ ಕಾರಣವನ್ನು ಹುಡುಕಿ ದಣಿಯಬೇಕಾಗಿಲ್ಲ. ಎಲ್ಲವೂ ನೆಟ್ಟಗಿದ್ದರೂ ಅಷ್ಟು ಹೋಗುವುವು. ಅದಕ್ಕಿಂತ ಹೆಚ್ಚಾದಾಗ ಪ್ರತಿಯೊಂದರ ಸಾವಿನ ದಿನವನ್ನು ಬರೆದು ಆ ಅಂಕೆಗಳು ಹೇಗೆ ಹರಡಿವೆಯೆಂದು ನೋಡಬೇಕು. ಆರೇಳು ಮರಿಗಳು ಒಂದೇ ದಿನದ ಗುರುತುಗಳೊಡನೆ ನಿಂತಿದ್ದರೆ ಅಂದು ಏನೋ ಒಂದು ಅನಾಹುತ ನಡೆದಿರಲೇಬೇಕು. ಪಂಚಾಂಗವನ್ನು ತೆಗೆದು ಆ ದಿನ ಪೆಟ್ಟಿಗೆಯ ದೀಪ ಕೆಟ್ಟಿತ್ತೇ, ನಾಯಿ ಬಂದು ಕೋಳಿಯನ್ನು ಎಬ್ಬಿಸಿತ್ತೇ, ಬಿಸಿಲು ಬುಟ್ಟಿಯ ಮೇಲೆ ಬಿದ್ದಿತ್ತೇ ಎಂದು ವಿಚಾರಿಸಿದರೆ ಉತ್ತರ ಸಿಗುವುದು. ದಿನಗಳು ಚೆದುರಿದ್ದರೆ ಅನಾಹುತವಲ್ಲ. ತಳಿ, ಆಹಾರ, ಕೂಡಿಟ್ಟ ಕ್ರಮ, ನಿತ್ಯದ ಶಾಖ ಇವುಗಳಲ್ಲಿ ಎಲ್ಲಿಯೋ ಸ್ಥಿರವಾದ ದೋಷವಿದೆ. ಬದುಕಿದ ಮರಿಗಳೂ ಸಾಕ್ಷಿ ಹೇಳುವುವು: 20ನೆಯ ದಿನ ತುಂಬುವ ಮುಂಚೆಯೇ ಹೊರಟು, ಚಿಕ್ಕದಾಗಿ, ಹೊಕ್ಕುಳು ಒರಟಾಗಿದ್ದರೆ ಶಾಖ ಹೆಚ್ಚಾಗಿತ್ತು, 22 ಕಳೆದು ಹೊರಟು, ಮೈ ಮೆತ್ತಗೆ ನಿಶ್ಶಕ್ತವಾಗಿದ್ದರೆ ಕಡಿಮೆಯಾಗಿತ್ತು.

ಕೊನೆಗೆ ಶಬ್ದಗಳ ವಿಚಾರವಾಗಿ ಒಂದು ಮಾತು. ಗಾಳಿಗೂಡು, ನೆತ್ತರ ಬಳೆ ಎಂಬುವನ್ನು ಇಲ್ಲಿ ಅನುಕೂಲಕ್ಕಾಗಿ ಬಳಸಿದೆ. ಮೈಸೂರು ಸೀಮೆಯವರು ಮೊಟ್ಟೆಯೆಂಬುದನ್ನು ಉತ್ತರದವರು ತತ್ತಿಯೆನ್ನುತ್ತಾರೆ. ಕೋಳಿ ಸಾಕುವ ಹೆಂಗಸರು ಒಡೆಯದ ಮೊಟ್ಟೆಗಳಿಗೂ, ಕುಕ್ಕಿ ನಿಂತವುಗಳಿಗೂ, ಕಾವು ಬಿಟ್ಟೆದ್ದ ಕೋಳಿಗೂ ಸೀಮೆಸೀಮೆಗೆ ಬೇರೆ ಬೇರೆ ಮಾತುಗಳನ್ನು ಆಡುತ್ತಿರಬೇಕು. ದೇಶ್ಯಶಬ್ದಗಳನ್ನು ಸಂಗ್ರಹಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಇವನ್ನು ಕೇಳಿ, ಯಾವ ಮಾತು ಯಾವ ಗುರುತಿಗೆ ಸಲ್ಲುವುದೆಂಬುದನ್ನು ಒಡೆದ ಮೊಟ್ಟೆಯನ್ನು ಎದುರಿಗಿಟ್ಟುಕೊಂಡೇ ಬರೆದುಕೊಳ್ಳುವುದು ಒಳ್ಳೆಯದು.